ಆಫರ್‌ಗೆ ಸಹಿ ಹಾಕುವ ಮೊದಲು ಪತ್ನಿಯ ಪರ್ಮಿಟ್‌ನ ಷರತ್ತುಗಳನ್ನೂ ಓದಿ

ಸರ್, ನಿಮ್ಮ ಪ್ರಶ್ನೆ ಓದಿದೆ. ಸಿಂಗಪುರ, ಜರ್ಮನಿ ಎರಡೂ ಕಡೆಯಿಂದ ಕೆಲಸದ ಆಫರ್ ಬಂದಿದೆ, ಸಿಂಗಪುರದಲ್ಲಿ ಕೈಗೆ ಬರುವ ಹಣ ಹೆಚ್ಚು, ಪತ್ನಿ ಫಿಸಿಯೋಥೆರಪಿಸ್ಟ್, ಅವರಿಗೆ ವೃತ್ತಿ ಬಿಡುವ ಮನಸ್ಸಿಲ್ಲ. ಮೊದಲು ನೀವೊಬ್ಬರೇ ಹೋಗಿ ಆಮೇಲೆ ಅವರನ್ನು ಕರೆಸಿಕೊಳ್ಳುವುದೋ, ಒಟ್ಟಿಗೇ ಹೊರಡುವುದೋ ಎಂದು ಕೇಳಿದ್ದೀರಿ. ಕೈತೋಟದ ಗುಂಪಿನಲ್ಲಿ ಇಂಥದ್ದನ್ನು ಕೇಳಿದೆನಲ್ಲ ಎಂಬ ಸಂಕೋಚ ಬೇಡ. ನಾನು ಗಂಡನ ಕೆಲಸದ ನಿಮಿತ್ತ ಜರ್ಮನಿಗೆ ಬಂದವಳು. ಆದ್ದರಿಂದ ನಿಮ್ಮ ಪತ್ನಿ ನಿಂತಿರುವ ಜಾಗದಿಂದಲೇ ನೋಡಿ ಉತ್ತರಿಸುತ್ತೇನೆ.

ಮೇಲೆ ಬರೆದವರೆಲ್ಲ ಸಂಬಳ, ತೆರಿಗೆ, ಬಾಡಿಗೆಯ ಲೆಕ್ಕ ಕೊಟ್ಟಿದ್ದಾರೆ. ಅದು ಬೇಕಾದದ್ದೇ. ಆದರೆ ನಿಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು, ಆಫರ್ ಪತ್ರದಲ್ಲಿರುವುದು ಒಬ್ಬರ ಹೆಸರು. ಇನ್ನೊಬ್ಬರ ಪಾಡೇನು ಎಂಬುದನ್ನು ಆ ದೇಶದ ವಲಸೆ ಕಾನೂನಿನಲ್ಲಿ ಹುಡುಕಬೇಕು. "ಪತ್ನಿಗೆ ವೀಸಾ ಸಿಗುತ್ತದೆಯೇ" ಎಂದು ಕೇಳಿದರೆ ಎರಡೂ ಕಡೆಯವರು ಹೌದು ಎನ್ನುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಆ ಪರ್ಮಿಟ್ ಹಿಡಿದು ಅವರು ಕೆಲಸ ಮಾಡಬಹುದೇ? ನಿಮ್ಮ ಕೆಲಸ ಹೋದರೆ ಅವರ ಪರ್ಮಿಟ್ ಏನಾಗುತ್ತದೆ?

ಸಿಂಗಪುರದಲ್ಲಿ ನಿಮಗೆ ಸಿಗುವ ಕೆಲಸದ ಪರ್ಮಿಟ್ ಎಂಪ್ಲಾಯ್‌ಮೆಂಟ್ ಪಾಸ್, ಪತ್ನಿಗೆ ನಿಮ್ಮ ಅವಲಂಬಿತರಾಗಿ ಇರಲು ಡಿಪೆಂಡೆಂಟ್ಸ್ ಪಾಸ್. ಇದಕ್ಕೆ ನಿಮ್ಮ ನಿಗದಿತ ಮಾಸಿಕ ಸಂಬಳ ಕನಿಷ್ಠ 6,000 ಸಿಂಗಪುರ ಡಾಲರ್ ಇರಬೇಕು. ಅರ್ಜಿ ಹಾಕುವುದು ನೀವಲ್ಲ, ಕಂಪನಿ ಅಥವಾ ಅದು ನೇಮಿಸಿದ ಏಜೆನ್ಸಿ. ಇಷ್ಟರ ಮಟ್ಟಿಗೆ ಸಲೀಸು. ತೊಡಕು ಮುಂದಿದೆ. ಹಿಂದೆ ಡಿಪೆಂಡೆಂಟ್ಸ್ ಪಾಸ್ ಇದ್ದವರು 'ಲೆಟರ್ ಆಫ್ ಕನ್ಸೆಂಟ್' ಎಂಬ ಅನುಮತಿ ಪತ್ರ ಪಡೆದು ಸುಲಭವಾಗಿ ಕೆಲಸಕ್ಕೆ ಸೇರುತ್ತಿದ್ದರು. 2021ರ ಮೇ 1ರಿಂದ ಉದ್ಯೋಗಕ್ಕೆ ಆ ದಾರಿ ಮುಚ್ಚಿದೆ. ಷರತ್ತುಗಳಿಗೆ ಒಳಪಟ್ಟು ಸ್ವಂತ ವ್ಯವಹಾರ ನಡೆಸುವವರಿಗೆ ಮಾತ್ರ ಅದು ಉಳಿದಿದೆ. ಈಗ ನಿಮ್ಮ ಪತ್ನಿ ಅಲ್ಲಿ ಕೆಲಸ ಮಾಡಬೇಕಾದರೆ ಅವರನ್ನು ತೆಗೆದುಕೊಳ್ಳುವ ಸಂಸ್ಥೆ ಅವರ ಹೆಸರಿನಲ್ಲೇ ಪ್ರತ್ಯೇಕ ವರ್ಕ್ ಪಾಸ್‌ಗೆ ಅರ್ಜಿ ಹಾಕಬೇಕು, ಅದರ ಸಂಬಳದ ಮಿತಿ, ಅರ್ಹತೆ ಎಲ್ಲವನ್ನೂ ಅವರು ತಾವೇ ದಾಟಬೇಕು. ಅದರ ಜೊತೆಗೆ ಫಿಸಿಯೋಥೆರಪಿಸ್ಟ್‌ಗಳು ಅಲ್ಲಿನ ಅಲೈಡ್ ಹೆಲ್ತ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಮೇಲೆ ಒಬ್ಬರು "ನನ್ನ ಅತ್ತಿಗೆ ಅಲ್ಲಿಗೆ ಹೋದ ಒಂದು ತಿಂಗಳೊಳಗೆ ಕೆಲಸಕ್ಕೆ ಸೇರಿದರು" ಎಂದಿದ್ದಾರೆ. ಅದು 2021ಕ್ಕೆ ಮುಂಚಿನ ಮಾತಾಗಿರಬಹುದು, ದಯವಿಟ್ಟು ವರ್ಷ ಕೇಳಿ. ವಲಸೆಯ ವಿಷಯದಲ್ಲಿ ಹಳೆಯ ಅನುಭವ ತಪ್ಪು ಧೈರ್ಯ ಕೊಡುತ್ತದೆ.

ಇನ್ನೊಂದು ಮಾತು, ಡಿಪೆಂಡೆಂಟ್ಸ್ ಪಾಸ್ ನಿಮ್ಮ ಪಾಸ್‌ಗೆ ಹಬ್ಬಿದ ಬಳ್ಳಿ. ಹಂದರ ಕಿತ್ತರೆ ಬಳ್ಳಿಯೂ ನೆಲಕ್ಕೆ. ಕಂಪನಿ ನಿಮ್ಮ ಪಾಸ್ ರದ್ದು ಮಾಡಿದರೆ ಅವರದ್ದೂ ಹೋಗುತ್ತದೆ.

ಜರ್ಮನಿಯಲ್ಲಿ ಲೆಕ್ಕ ಬೇರೆ. ನಿಮಗೆ ಸಿಗುವುದು ಇಯು ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ಯುರೋಪ್ ಒಕ್ಕೂಟದ ಪರ್ಮಿಟ್) ಹೌದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕಂಪನಿಯ ಎಚ್‌ಆರ್ ವಿಭಾಗದವರು ಎಲ್ಲವನ್ನೂ "ವರ್ಕ್ ವೀಸಾ" ಎಂದೇ ಕರೆಯುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬ್ಲೂ ಕಾರ್ಡ್‌ಗೆ ಪದವಿಯ ಜೊತೆಗೆ ಸಂಬಳದ ಮಿತಿಯಿದೆ: 2025ರಲ್ಲಿ ವರ್ಷಕ್ಕೆ 48,300 ಯೂರೋ, ಜನರ ಕೊರತೆಯಿರುವ ಉದ್ಯೋಗಗಳಿಗೆ 43,759.80 ಯೂರೋ ಇತ್ತು. ಈ ಮೊತ್ತ ವರ್ಷ ವರ್ಷ ಬದಲಾಗುತ್ತದೆ, ನಿಮ್ಮ ಅರ್ಜಿಯ ವರ್ಷದ್ದನ್ನು ನೋಡಿಕೊಳ್ಳಿ. ಜರ್ಮನಿಗೆ ಸಂಗಾತಿಯಾಗಿ ಬರುವವರು ಸಾಮಾನ್ಯವಾಗಿ ಎ1 ಮಟ್ಟದ (ತೀರಾ ಆರಂಭದ ಮಟ್ಟ) ಜರ್ಮನ್ ಪರೀಕ್ಷೆ ಪಾಸಾಗಿರಬೇಕು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಈ ಷರತ್ತು ಇಲ್ಲ. ಬಂದ ಮೇಲೆ ಅವರಿಗೆ ಸಿಗುವ ರೆಸಿಡೆನ್ಸ್ ಪರ್ಮಿಟ್ ಯಾವ ಉದ್ಯೋಗಕ್ಕೂ, ಸ್ವಂತ ಕಸುಬಿಗೂ ಅವಕಾಶ ಕೊಡುತ್ತದೆ. ಕಾರ್ಡ್ ಕೈಗೆ ಬಂದಾಗ ಅದರ ಮೇಲೆ 'ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್' ಎಂದು ಬರೆದಿದೆಯೇ ನೋಡಿ. ದುಡಿಮೆಗೆ ಅನುಮತಿಯಿದೆ ಎಂದು ಹೇಳುವ ಸಾಲು ಅದು. ಕೆಲಸ ಕೊಡುವವರು ಮೊದಲು ನೋಡುವುದೂ ಅದನ್ನೇ.

ಆದರೆ ಒಂದು ವಿಷಯ ಮುಚ್ಚಿಡಬಾರದು. ಫಿಸಿಯೋಥೆರಪಿ ಜರ್ಮನಿಯಲ್ಲಿ ನಿಯಂತ್ರಿತ ವೃತ್ತಿ. ವಲಸೆ ಕಾನೂನು ಬಾಗಿಲು ತೆರೆದರೂ ವೃತ್ತಿಯ ಕಾನೂನು ಇನ್ನೊಂದು ಬಾಗಿಲಲ್ಲಿ ನಿಲ್ಲಿಸುತ್ತದೆ. ಅವರ ಪದವಿಯನ್ನು ಇಲ್ಲಿನ ಶಿಕ್ಷಣದ ಜೊತೆ ಹೋಲಿಸಿ ಮಾನ್ಯತೆ ಕೊಡುವ ಪ್ರಾಧಿಕಾರ ಆಯಾ ರಾಜ್ಯದ್ದು. ಕೊರತೆ ಕಂಡರೆ ಪೂರಕ ತರಬೇತಿ ಅಥವಾ ಪರೀಕ್ಷೆ ಇರುತ್ತದೆ. ಭಾಷೆ ಸಾಮಾನ್ಯವಾಗಿ ಬಿ2 ಮಟ್ಟದಲ್ಲಿ, ಅಂದರೆ ಎ1ಗಿಂತ ಮೂರು ಮೆಟ್ಟಿಲು ಮೇಲಿರಬೇಕು. ಇದು ವಾರಗಳಲ್ಲಿ ಮುಗಿಯುವ ಕೆಲಸವಲ್ಲ. ಪತ್ನಿಗೆ ಇದನ್ನು ಈಗಲೇ ಹೇಳಿ, ಬಂದ ಮೇಲೆ ಗೊತ್ತಾದರೆ ಮನಸ್ಸು ಮುರಿಯುತ್ತದೆ. ಸಮಾಧಾನದ ಸಂಗತಿಯೂ ಇದೆ: ಅಷ್ಟರವರೆಗೆ ನಿಯಂತ್ರಿತವಲ್ಲದ ಬೇರೆ ಕೆಲಸ ಮಾಡಲು ತಡೆಯಿಲ್ಲ. ಕುಟುಂಬದ ನೆಲೆಯಲ್ಲಿ ಪರ್ಮಿಟ್ ಪಡೆದು ಇಲ್ಲೇ ನೆಲೆಸಲು ಬಂದವರಿಗೆ ಹೊಸಬರಿಗೆ ಭಾಷೆ, ಇಲ್ಲಿನ ಜೀವನ ಕಲಿಸುವ ಸರ್ಕಾರದ ಇಂಟಿಗ್ರೇಷನ್ ಕೋರ್ಸ್‌ಗೆ ಸೇರುವ ಹಕ್ಕಿದೆ. ಅದರಲ್ಲಿ ಸಾಮಾನ್ಯವಾಗಿ 600 ಗಂಟೆಗಳ ಭಾಷಾ ತರಗತಿ ಇರುತ್ತದೆ, ಬಿ2ಗಿಂತ ಒಂದು ಮೆಟ್ಟಿಲು ಕೆಳಗಿನ ಬಿ1ರವರೆಗೆ ಕರೆದೊಯ್ಯುತ್ತದೆ.

ಮಾನ್ಯತೆಯ ಅರ್ಜಿಗೆ ಅಂಕಪಟ್ಟಿ ಮಾತ್ರ ಸಾಲುವುದಿಲ್ಲ. ಪ್ರತಿ ವಿಷಯಕ್ಕೆ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ಪ್ರಾಯೋಗಿಕ, ಆಸ್ಪತ್ರೆಯ ಯಾವ ವಿಭಾಗದಲ್ಲಿ ಎಷ್ಟು ದಿನ ಇಂಟರ್ನ್‌ಶಿಪ್ ಎಂಬ ವಿವರಗಳಿರುವ ಪಠ್ಯಕ್ರಮ ಬೇಕು, ಅದರ ಮೇಲೆ ಕಾಲೇಜಿನ ಮೊಹರು, ಸಹಿ ಇರಬೇಕು. ಕೆಲಸ ಮಾಡಿದ ಕಡೆಯಿಂದ ಅನುಭವ ಪತ್ರ ಬೇಕು, ಯಾವ ಬಗೆಯ ರೋಗಿಗಳಿಗೆ ಏನು ಚಿಕಿತ್ಸೆ ಕೊಡುತ್ತಿದ್ದರು ಎಂಬುದೂ ಅದರಲ್ಲಿದ್ದರೆ ಒಳ್ಳೆಯದು. ನೀವು ಊರಿನಲ್ಲಿರುವಾಗಲೇ ಕಾಲೇಜಿಗೆ ಎಡತಾಕಿ ಇವನ್ನು ಮಾಡಿಸಿಕೊಳ್ಳಿ. ವಿಮಾನ ಹತ್ತಿದ ಮೇಲೆ ಕಾಲೇಜಿನ ಗುಮಾಸ್ತರಿಗೆ ಇಮೇಲ್ ಬರೆದು ಮೊಹರು ಹಾಕಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಇಲ್ಲಿ ಯಾವ ನರ್ಸ್, ಯಾವ ಫಿಸಿಯೋ ಅವರನ್ನು ಕೇಳಿದರೂ ಹೇಳುತ್ತಾರೆ.

ಈಗ ಒಟ್ಟಿಗೆ ಹೊರಡುವುದೋ, ಒಬ್ಬರ ಹಿಂದೆ ಒಬ್ಬರು ಹೋಗುವುದೋ ಎಂಬ ವಿಷಯ. ನನ್ನ ಸಲಹೆ: ಅರ್ಜಿ ಒಟ್ಟಿಗೇ ಹಾಕಿ, ಪ್ರಯಾಣ ಬೇಕಾದರೆ ಹಿಂದುಮುಂದಾಗಲಿ. ಮನೆ ಹುಡುಕಲು ನೀವು ಕೆಲವು ವಾರ ಮುಂಚೆ ಹೋದರೆ ತಪ್ಪಿಲ್ಲ, ಅವರ ವೀಸಾದ ಅವಧಿಯೊಳಗೆ ಅವರು ಬಂದರೆ ಸಾಕು. "ನಾನು ನೆಲೆ ನಿಂತ ಮೇಲೆ ನೋಡೋಣ" ಎಂದು ಅರ್ಜಿಯನ್ನೇ ಮುಂದೂಡಿದರೆ ವೀಸಾ ಅಪಾಯಿಂಟ್‌ಮೆಂಟ್‌ನ ಸಾಲು ಮತ್ತೆ ಮೊದಲಿನಿಂದ ಶುರುವಾಗುತ್ತದೆ. 2024ರ ಮಾರ್ಚ್ 1ರ ನಂತರ ಮೊದಲ ಬಾರಿಗೆ ಪರ್ಮಿಟ್ ಪಡೆದ ಬ್ಲೂ ಕಾರ್ಡ್‌ನವರು ಸಂಗಾತಿಯನ್ನು ಕರೆಸಲು ಮನೆಯ ವಿಸ್ತೀರ್ಣದ ಪುರಾವೆ ಕೊಡಬೇಕಾಗಿಲ್ಲ. ಹಾಗಾಗಿ ದೊಡ್ಡ ಮನೆ ಸಿಗಲಿ ಎಂದು ಕಾಯುವ ಕಾರಣವೂ ಉಳಿದಿಲ್ಲ. ಜರ್ಮನಿಯ ನ್ಯಾಷನಲ್ ವೀಸಾಗೆ (ನೆಲೆಸಲು ಬರುವವರ ದೀರ್ಘಾವಧಿಯ ವೀಸಾ) ವಯಸ್ಕರಿಗೆ ತಲಾ 75 ಯೂರೋ ಶುಲ್ಕ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. "ಪತ್ನಿಯನ್ನು ಪ್ರವಾಸಿ ವೀಸಾದಲ್ಲಿ ಕರೆದುಕೊಂಡು ಹೋಗಿ, ಅಲ್ಲೇ ಬದಲಾಯಿಸಿಕೊಳ್ಳಿ" ಎನ್ನುವ ಏಜೆಂಟ್ ಸಿಕ್ಕೇ ಸಿಗುತ್ತಾನೆ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ಪ್ರವಾಸಿ ವೀಸಾ ಅಲ್ಪಾವಧಿಯದ್ದು. ಅದರಲ್ಲಿ ಬಂದವರು ಸಾಮಾನ್ಯವಾಗಿ ಹಿಂದಿರುಗಿ, ಸರಿಯಾದ ವೀಸಾ ಪಡೆದೇ ಬರಬೇಕು. ಅಮೆರಿಕ, ಜಪಾನ್, ಕೆನಡಾದಂಥ ಕೆಲವು ದೇಶಗಳ ಪ್ರಜೆಗಳು ಬಂದ ಮೇಲೆ ಅರ್ಜಿ ಹಾಕಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ.

ಕಾಗದಪತ್ರಗಳಲ್ಲಿ ಜನ ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಉಪನಾಮ, ವಿವಾಹ ಪ್ರಮಾಣಪತ್ರದಲ್ಲಿ ಇನಿಷಿಯಲ್, ಪದವಿ ಪತ್ರದಲ್ಲಿ ಬರೀ ಹೆಸರು. ನಮಗೆ ಇದು ಒಬ್ಬರೇ ಎಂದು ಗೊತ್ತು, ಕೌಂಟರ್‌ನ ಆಚೆ ಕುಳಿತವರಿಗೆ ಮೂವರು ಕಾಣುತ್ತಾರೆ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಜನ್ಮದಿನಾಂಕವನ್ನೂ ಹೋಲಿಸಿ. ತಿದ್ದುವುದಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮುಂಚೆಯೇ ತಿದ್ದಿಸಿ. ಮದುವೆ ನೋಂದಣಿಯಾಗಿಲ್ಲವಾದರೆ ಅದೇ ಮೊದಲ ಕೆಲಸ, ಲಗ್ನಪತ್ರಿಕೆ, ಫೋಟೋಗಳು ನೋಂದಣಿ ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ವಿಚ್ಛೇದನವಾಗಿದ್ದರೆ ಆ ತೀರ್ಪಿನ ಪ್ರತಿಯೂ ಬೇಕು. ಮೂಲ ಪ್ರಮಾಣಪತ್ರಗಳನ್ನು ಕೈಚೀಲದಲ್ಲಿ ತನ್ನಿ, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬೇಡಿ. ಬಂದ ಮೇಲೂ ವಿವಾಹ ಪ್ರಮಾಣಪತ್ರ, ಅದರ ಅಧಿಕೃತ ಜರ್ಮನ್ ಅನುವಾದ ಪದೇ ಪದೇ ಬೇಕಾಗುತ್ತವೆ.

(ಬೀಜದ ಪೊಟ್ಟಣ ತರುವ ಆಸೆ ನಿಮಗೂ ಇರುತ್ತದೆ, ನನಗೂ ಇತ್ತು. 2019ರ ಡಿಸೆಂಬರ್ 14ರಿಂದ ಹೊರದೇಶದ ಗಿಡ, ಬಿತ್ತನೆ ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಯುರೋಪ್ ಒಕ್ಕೂಟದೊಳಗೆ ಪ್ರವೇಶವಿಲ್ಲ. ಹೊಸ ದೇಶದ ಕಸ್ಟಮ್ಸ್ ಜೊತೆ ಮೊದಲ ದಿನವೇ ತಕರಾರು ಬೇಡ.)

ಜರ್ಮನಿಯಲ್ಲಿ ಇಳಿದ ಮೇಲೆ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರು ಕೊಡುವ ದೃಢೀಕರಣ ಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಇರಲಿ. ಅಂಚೆ ಡಬ್ಬಿಯ ಮೇಲೆಯೂ ಇಬ್ಬರ ಹೆಸರು ಅಂಟಿಸಿ. ಇದು ಚಿಕ್ಕ ವಿಷಯವಲ್ಲ. ನಮ್ಮ ಪರಿಚಯದ ದಂಪತಿಯ ಡಬ್ಬಿಯ ಮೇಲೆ ಗಂಡನ ಉಪನಾಮ ಮಾತ್ರ ಇತ್ತು, ಹೆಂಡತಿಯ ಉಪನಾಮ ಬೇರೆ. ಪರ್ಮಿಟ್ ಕಚೇರಿಯಿಂದ ಅವರ ಹೆಸರಿಗೆ ಬಂದ ಪತ್ರ ಹಾಗೇ ವಾಪಸಾಯಿತು, ಅಪಾಯಿಂಟ್‌ಮೆಂಟ್ ತಪ್ಪಿತು. ವೀಸಾ ಇರುವುದು ಒಳಬರುವುದಕ್ಕೆ. ಅದು ಮುಗಿಯುವ ಮುನ್ನವೇ ಸ್ಥಳೀಯ ವಿದೇಶಿಯರ ಕಚೇರಿಯಲ್ಲಿ ಪರ್ಮಿಟ್‌ಗೆ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಕಾರ್ಡ್ ತಡವಾದರೆ 'ಫಿಕ್ಷನ್ಸ್‌ಬೆಶೈನಿಗುಂಗ್' ಎಂಬ ಮಧ್ಯಂತರ ಪತ್ರ ಕೇಳಿ. ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಎಂಬುದರ ಮೇಲೆ ದೇಶದ ಹೊರಗೆ ಹೋಗಿ ಮರಳಬಹುದೇ ಎಂಬುದು ನಿಂತಿದೆ. ಊರಿಗೆ ಟಿಕೆಟ್ ತೆಗೆಯುವ ಮುಂಚೆ ಅದನ್ನು ಓದಿಸಿಕೊಳ್ಳಿ.

ಆರೋಗ್ಯ ವಿಮೆಯಲ್ಲಿ, ಪತ್ನಿಗೆ ಆದಾಯ ಶುರುವಾಗುವವರೆಗಾದರೂ ಸಾರ್ವಜನಿಕ ವಿಮೆಯೇ ಇರಲಿ. ಆದಾಯವಿಲ್ಲದ ಸಂಗಾತಿಗೆ ಅದರಲ್ಲಿ ಹೆಚ್ಚುವರಿ ಕಂತಿಲ್ಲದೆ ರಕ್ಷಣೆ ಸಿಗುತ್ತದೆ, ಖಾಸಗಿ ವಿಮೆಯಲ್ಲಿ ಅವರಿಗೆ ಪ್ರತ್ಯೇಕ ಕಂತು. ಒಟ್ಟಿಗೆ ವಾಸಿಸುವ ದಂಪತಿಗೆ ಜಂಟಿ ತೆರಿಗೆ ಲೆಕ್ಕದ ಅನುಕೂಲವೂ ಇದೆ. ಸಂಬಳ ಹೋಲಿಸುವಾಗ ಒಂಟಿಯವರ ತೆರಿಗೆ ದರ ಹಿಡಿದು ಜರ್ಮನಿಯನ್ನು ತಳ್ಳಿಹಾಕಬೇಡಿ.

ಇನ್ನೊಂದು ಮಾತನ್ನು ದಂಪತಿಗಳು ಬಾಯಿಬಿಟ್ಟು ಆಡುವುದಿಲ್ಲ, ನಾನು ಆಡುತ್ತೇನೆ. ಸಂಗಾತಿಯ ಪರ್ಮಿಟ್ ಮೊದಲಿಗೆ ಮದುವೆಯ ಮೇಲೆ ನಿಂತಿರುತ್ತದೆ. ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ ಮೇಲೆ ಬೇರೆಯಾದರೂ ಆಕೆ ಸ್ವತಂತ್ರವಾಗಿ ವಾಸಿಸುವ ಹಕ್ಕು ಪಡೆಯಬಹುದು. ದೌರ್ಜನ್ಯದಂಥ ಸಂದರ್ಭದಲ್ಲಿ ಮೂರು ವರ್ಷ ಕಾಯಬೇಕೆಂದಿಲ್ಲ. ನಿಮ್ಮ ಸಂಸಾರದ ಬಗ್ಗೆ ಅನುಮಾನದಿಂದ ಇದನ್ನು ಹೇಳುತ್ತಿಲ್ಲ. ಈ ಎಳೆಯನ್ನು ಓದುತ್ತಿರುವ ಹೆಣ್ಣುಮಕ್ಕಳಿಗೂ ತಮ್ಮ ಪರ್ಮಿಟ್ ಎಲ್ಲಿ ನಿಂತಿದೆ ಎಂದು ಗೊತ್ತಿರಬೇಕು. ಪರ್ಮಿಟ್ ಕಾರ್ಡ್, ಪಾಸ್‌ಪೋರ್ಟ್, ಪದವಿ ಪತ್ರ ಅವರ ಬಳಿಯೇ ಇರಲಿ.

ಬೇರೆ ದೇಶದ ಆಫರ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ಚುಟುಕಾಗಿ: ಅಮೆರಿಕದಲ್ಲಿ ಎಚ್-4 ವೀಸಾದವರು (ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗಳು) ಹಾಗೇ ಕೆಲಸ ಮಾಡುವಂತಿಲ್ಲ, ಸಂಗಾತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲೆ ಕೆಲವರಿಗೆ ಮಾತ್ರ ಪ್ರತ್ಯೇಕ ಅನುಮತಿ ಸಿಗುತ್ತದೆ. ಜಪಾನ್‌ನಲ್ಲಿ ಅವಲಂಬಿತ ಸಂಗಾತಿಗೆ ಅನುಮತಿ ಪಡೆದ ಮೇಲೂ ವಾರಕ್ಕೆ 28 ಗಂಟೆಯ ಮಿತಿಯಿದೆ.

ನಿಮ್ಮ ವಿಷಯದಲ್ಲಿ ನನ್ನ ಒಲವು ಜರ್ಮನಿಯ ಕಡೆಗೆ. ದಾರಿ ದೂರ, ಭಾಷೆ ಕಠಿಣ, ಆದರೆ ಆ ದಾರಿಯ ಕೊನೆಯಲ್ಲಿ ನಿಮ್ಮ ಪತ್ನಿಯ ವೃತ್ತಿ ಇದೆ. ಸಿಂಗಪುರಕ್ಕೇ ಮನಸ್ಸಿದ್ದರೆ ಅವರಿಗೂ ಅಲ್ಲಿ ಕೆಲಸ ಖಚಿತವಾದ ಮೇಲೆ ಹೊರಡಿ. ಏನೇ ಆಗಲಿ, ಇಂದೇ ಎರಡೂ ಕಂಪನಿಗಳಿಗೆ ಮೇಲ್ ಬರೆದು ಕೇಳಿ: ನನಗೆ ಕೊಡಿಸುವ ಪರ್ಮಿಟ್‌ನ ನಿಖರ ಹೆಸರೇನು? ಪತ್ನಿಯ ಅರ್ಜಿಯನ್ನು ನನ್ನದರ ಜೊತೆಗೇ ಹಾಕುತ್ತೀರಾ? ಅದರ ಶುಲ್ಕ, ಅನುವಾದದ ಖರ್ಚು ಯಾರದ್ದು? ಪ್ರೊಬೇಷನ್ ಅವಧಿಯಲ್ಲಿ ಕೆಲಸ ಹೋದರೆ ಇಬ್ಬರ ಮರುಪ್ರಯಾಣದ ಹೊಣೆ ಯಾರದ್ದು? ಉತ್ತರ ಫೋನಿನಲ್ಲಿ ಬಂದರೆ ಅದನ್ನೇ ಬರಹದಲ್ಲಿ ಕೊಡಿ ಎನ್ನಿ. ಗಡುವು ಹತ್ತಿರವಿದ್ದರೆ ಒಂದು ವಾರ ಹೆಚ್ಚು ಕೇಳಲು ಹಿಂಜರಿಯಬೇಡಿ. ಮೇಲ್‌ನ ಕರಡು ಇಲ್ಲಿ ಹಾಕಿದರೆ ನಾನು ನೋಡಿಕೊಡುತ್ತೇನೆ.