ಒಂದೇ ಸ್ವರಕ್ಕೆ ಝುರ್ರ್ ಅನ್ನುವ ಆಂಪ್

ಪ್ರಶ್ನೆ: ನನ್ನದು 15 ವ್ಯಾಟಿನ ವಾಲ್ವ್ ಕಾಂಬೋ ಆಂಪ್ (ಗಾಜಿನ ಕೊಳವೆಯಂಥ ವಾಲ್ವ್‌ಗಳಿಂದ ನಡೆಯುವ, ಸ್ಪೀಕರ್ ಜೊತೆಗೇ ಇರುವ ಗಿಟಾರ್ ಆಂಪ್ಲಿಫೈಯರ್). ಗಿಟಾರಿನ 5ನೇ ತಂತಿಯನ್ನು ಬೆರಳಿಡದೆ ಮೀಟಿದರೆ ‘ಝುರ್ರ್’ ಅನ್ನುತ್ತದೆ. ಉಳಿದಂತೆ ಸರಿಯಿದೆ. ಅಂಗಡಿಯವರು ಸ್ಪೀಕರ್ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ಮೊದಲು ಗಿಟಾರನ್ನೇ ವಿಚಾರಿಸಿ. ಅದೇ ಸ್ವರ 6ನೇ ತಂತಿಯ 5ನೇ ಫ್ರೆಟ್‌ನಲ್ಲೂ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಸಿಗುತ್ತದೆ. ಅಲ್ಲಿ ಝುರ್ರ್ ಇಲ್ಲ ಅಂದರೆ ಆಂಪ್ ಪಾಪ, ಏನೂ ಮಾಡಿಲ್ಲ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಅಂದರೆ ನಟ್‌ನ ಗೀರು ಸವೆದು ತಂತಿ ಫ್ರೆಟ್‌ಗೆ ತಾಗುತ್ತಿರಬಹುದು.

ಅಲ್ಲೂ ಬಂದರೆ ಯಾವುದೋ ಸಡಿಲ ಭಾಗ ಅದುರುತ್ತಿದೆ ಅನ್ನುವುದೇ ನನ್ನ ಅನುಮಾನ. ಆಂಪನ್ನು ಬೇರೆ ಕೋಣೆಗೆ ಒಯ್ದು ನುಡಿಸಿ. ಕಿಟಕಿ ಗಾಜು, ಅಟ್ಟದ ಸ್ಟೀಲ್ ಡಬ್ಬಿಯ ಸದ್ದೂ ಆಂಪ್ ಒಳಗಿಂದಲೇ ಬಂದ ಹಾಗೆ ಕೇಳಿಸುತ್ತದೆ.

ಇನ್ನು ಹುಡುಕಾಟ. ಒಂದು ಕೈಯಲ್ಲಿ ತಂತಿ ಮೀಟುತ್ತಾ ಇನ್ನೊಂದರಲ್ಲಿ ಹುಡುಕುವುದು ಕಷ್ಟ ಅಲ್ವಾ? ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್‌ಗೆ ಜೋಡಿಸಿ. ವಾಲ್ಯೂಮ್ ಕಡಿಮೆ ಇಟ್ಟು ಶುರು ಮಾಡಿ. ನಿಮ್ಮ ಸ್ವರ 110 ಹರ್ಟ್ಸ್. ಅದರ ಆಸುಪಾಸು ನಿಧಾನ ಏರಿಳಿಸಿ, ಝುರ್ರ್ ಜೋರಾದಲ್ಲಿ ನಿಲ್ಲಿಸಿ. ಆಮೇಲೆ ಹೊರಗಿನಿಂದ ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತಿ: ಹಿಡಿ, ಮೂಲೆಯ ಲೋಹ, ಹೆಸರಿನ ಫಲಕ, ಮುಂದಿನ ಬಟ್ಟೆಯ ಚೌಕಟ್ಟು, ಹಿಂದಿನ ಹಲಗೆ. ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕ. ಸ್ಕ್ರೂ ಬಿಗಿ ಮಾಡಿ, ಸಂದಿಗೆ ತೆಳು ಫೆಲ್ಟ್ ಅಂಟಿಸಿ. ಸ್ಪೀಕರಿನ ಸ್ಕ್ರೂಗಳನ್ನು ಮಾತ್ರ ಸಿಕ್ಕಾಪಟ್ಟೆ ಬಿಗಿಯಬೇಡಿ. ಅದರ ಚೌಕಟ್ಟು ಸೊಟ್ಟಗಾದರೆ ಒಳಗೆ ಹಿಂದೆ ಮುಂದೆ ಆಡುವ ತಂತಿಸುರುಳಿ (ವಾಯ್ಸ್ ಕಾಯಿಲ್) ಉಜ್ಜತೊಡಗುತ್ತದೆ, ಇಲ್ಲದ ರೋಗ ಬರುತ್ತದೆ.

ಏನೂ ಸಿಗಲಿಲ್ಲವೇ? ಕಾಂಬೋದಲ್ಲಿ ವಾಲ್ವೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ವಾಲ್ವ್ ಒಳಗಿನ ಲೋಹದ ಭಾಗಗಳೂ ಅದುರಿ ಸದ್ದು ಮಾಡುತ್ತವೆ. ಆಂಪ್ ಆಫ್ ಮಾಡಿ, ಒಳಗಿನ ಸ್ಪೀಕರಿನ ಬದಲು ಅಷ್ಟೇ ಓಮ್‌ನ (ವಿದ್ಯುತ್ ತಡೆಯ ಅಳತೆ) ಬೇರೆ ಸ್ಪೀಕರ್ ಪೆಟ್ಟಿಗೆ ಜೋಡಿಸಿ ದೂರ ಇಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಈಗ ಸದ್ದು ಹೋಯಿತೆಂದರೆ ಆಂಪನ್ನು ಆ ಪೆಟ್ಟಿಗೆಯ ಮೇಲೆಯೇ ಕೂರಿಸಿ ನೋಡಿ. ಮತ್ತೆ ಬಂದರೆ ನಿಮ್ಮ ಸ್ಪೀಕರಿನ ತಪ್ಪಲ್ಲ, ವಾಲ್ವ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಬೇಕು. ಬರದಿದ್ದರೆ ಅಂಗಡಿಯವರ ಮಾತಿಗೆ ಬೆಲೆ ಕೊಡಿ.

ದೂರ ಇಟ್ಟಾಗಲೂ ಝುರ್ರ್ ಹಾಗೇ ಇದ್ದರೆ ದೋಷ ಸರ್ಕ್ಯೂಟಿನದು. ಅದು ಮೆಕ್ಯಾನಿಕ್ ಕೆಲಸ. ನೀವು ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.