ಸುದ್ದಿ ಪೇಜಿನಲ್ಲಿ ಬರಹ ಬಿಟ್ಟು ಪೂರ್ತಿ ವಿಡಿಯೋಗೆ ಹೋಗಬಹುದಾ?

ಮಂಡ್ಯದಲ್ಲಿ ಸಣ್ಣ ಸುದ್ದಿ ಪೇಜ್ ನಡೆಸುತ್ತಿದ್ದೀರಿ, ಫೇಸ್‌ಬುಕ್, ಯೂಟ್ಯೂಬ್ ಥರದ ಎಲ್ಲ ಕಂಪನಿಗಳೂ ವಿಡಿಯೋ ಹಿಂದೆ ಬಿದ್ದಿರುವಾಗ ಬರೆಯುವುದನ್ನು ನಿಲ್ಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ವರದಿಗಾರ. ನಮ್ಮಲ್ಲಿ ಇದು ಆಗಿಹೋಗಿದೆ.

2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯಿತು. ಮರುವರ್ಷ ನಮ್ಮ ಆಫೀಸಿನಲ್ಲಿ ವೆಬ್‌ಸೈಟಿಗೆ ಬರೆಯುತ್ತಿದ್ದ ಮೂವರಲ್ಲಿ ಇಬ್ಬರ ಕೈಗೆ ಟ್ರೈಪಾಡ್ ಬಂತು. ವ್ಯೂಸ್ ನೋಡಿ ಎಲ್ಲರಿಗೂ ಖುಷಿ. ಆದರೆ ಆಗ ಫೇಸ್‌ಬುಕ್‌ನಲ್ಲಿ 3 ಸೆಕೆಂಡ್ ನೋಡಿದರೂ ಅದು ಒಂದು ವ್ಯೂ ಆಗುತ್ತಿತ್ತು. ಅಷ್ಟೂ ನೋಡದವರನ್ನು ಬಿಟ್ಟು ಲೆಕ್ಕ ಹಾಕಿದ್ದರಿಂದ, ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನುವುದನ್ನು ಜಾಸ್ತಿ ತೋರಿಸಿದ್ದೆವು ಅಂತ ಆ ಕಂಪನಿಯೇ 2016ರಲ್ಲಿ ಒಪ್ಪಿಕೊಂಡಿತ್ತು.

ಆ ಕಂಪನಿಗಳಿಗೆ ವಿಡಿಯೋ ಅಂದರೆ ಜಾಹೀರಾತು. ಜನ ಜಾಸ್ತಿ ಹೊತ್ತು ಕೂತಷ್ಟೂ ಅವರಿಗೆ ಲಾಭ. ಅದಕ್ಕೇ ದಾರಿಯನ್ನೂ ಬದಲಿಸುತ್ತಾ ಇರುತ್ತಾರೆ. ಇನ್‌ಸ್ಟಾಗ್ರಾಮ್ 2013ರಲ್ಲಿ 15 ಸೆಕೆಂಡಿನ ವಿಡಿಯೋ ತಂತು. 2018ರಲ್ಲಿ ಉದ್ದದ ವಿಡಿಯೋಗೆ ಐಜಿಟಿವಿ ಮಾಡಿ, 2021ರಲ್ಲಿ ಆ ಹೆಸರನ್ನೇ ಕೈಬಿಟ್ಟಿತು. ನಡುವೆ 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು. ಜುಲೈನಲ್ಲಿ ಇಲ್ಲಿಗೆ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ಪ್ರತಿ ಸಲ ಅವರ ಜೊತೆ ಓಡಲು ಇಬ್ಬರು ಮೂವರು ಇರುವ ಪೇಜಿಗೆ ಆಗುತ್ತಾ?

ಒಂದು ಮಳೆಗಾಲ ಕೆಆರ್‌ಎಸ್ ತುಂಬುತ್ತಿತ್ತು. ನಾವು ಕಟ್ಟೆ ಹತ್ತಿರ ನಿಂತು ಎರಡೂವರೆ ನಿಮಿಷದ ವಿಡಿಯೋ ಹಾಕಿದೆವು. ಪಾಂಡವಪುರದ ಕಡೆಯ ರೈತರೊಬ್ಬರು ಫೋನ್ ಮಾಡಿದರು. "ಎಷ್ಟಡಿ ಆಯ್ತು ಅಂತ ಬರ್ದ್ ಹಾಕ್ಬುಡಿ ಸಾ. ಗದ್ದೇಲಿ ನಿಂತ್ಕಂಡು ವಿಡಿಯೋ ನೋಡಕ್ಕಾದದಾ?" ಅವರಿಗೆ ಬೇಕಿದ್ದದ್ದು ಒಂದೇ ಒಂದು ಅಂಕಿ. ಕಟ್ಟೆ ಪೂರ್ತಿ ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ, ಅಷ್ಟೇ. ನಾವು ಅದನ್ನು ವಿಡಿಯೋದ ಕೊನೆಗೆ ಇಟ್ಟಿದ್ದೆವು. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು.

ಹಾಗಂತ ವಿಡಿಯೋ ಬೇಡ ಅನ್ನುತ್ತಿಲ್ಲ. ಒಂದು ಆಲೆಮನೆಯಲ್ಲಿ ತೆಗೆದದ್ದು ಈಗಲೂ ಕಣ್ಣ ಮುಂದಿದೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಪಾಕ ಹಾಕುವವರು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಹದ ಬಂತು ಅಂತ ತಲೆಯಾಡಿಸಿದರು. ನಾವು ಒಂದು ಮಾತೂ ಸೇರಿಸಲಿಲ್ಲ. ಆ ಹದವನ್ನು ನಾನು ಎಷ್ಟು ಬರೆದರೂ ಹಾಗೆ ತೋರಿಸಲು ಆಗುತ್ತಿರಲಿಲ್ಲ.

ಇಂಥದ್ದನ್ನು ವಿಡಿಯೋ ಮಾಡಿ. ದುಡ್ಡಿನ ಆಸೆ ಮಾತ್ರ ಬೇಗ ಇಟ್ಟುಕೊಳ್ಳಬೇಡಿ. ಯೂಟ್ಯೂಬಿನಲ್ಲಿ ಉದ್ದದ ವಿಡಿಯೋದ ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಬೆಲ್ಲದ ರೇಟು, ನಾಲೆಗೆ ನೀರು ಬಿಡುವ ದಿನ, ಯಾವ ಊರಿಗೆ ಕರೆಂಟ್ ಇಲ್ಲ ಅನ್ನುವುದು ಬರಹದಲ್ಲೇ ಇರಲಿ. ವಿಡಿಯೋ ಹಾಕಿದಾಗಲೂ ಕೆಳಗೆ ನಾಲ್ಕು ಸಾಲು ಬರೆಯಿರಿ, ಅಂಕಿ ಮೊದಲ ಸಾಲಿನಲ್ಲೇ ಬರಲಿ.