ಕಣ್ಣೀರು ಸಾಕು, ಕಾಗದ ತೋರಿಸಿ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಬೇಜಾರು ಮಾಡಿಕೊಂಡು ಮೂಲೆಗೆ ಹಾಕಬೇಡಿ. ಒಳಗೊಂದು ಒಳ್ಳೆ ಬರಹ ಇದೆ, ನೀವೇ ಅದನ್ನು ಮುಚ್ಚಿಟ್ಟಿದ್ದೀರಿ.

ಬೇರೆ ಬರಹಗಾರರೂ ಇದನ್ನು ಓದುತ್ತಾರೆ, ಅದಕ್ಕೇ ವಿಷಯ ಏನೆಂದು ಚುಟುಕಾಗಿ ಹೇಳುತ್ತೇನೆ. ನೀವು ಬರೆದದ್ದು ಮೆಲ್ವಿನಿಯಾ ಶೀಲ್ಡ್ಸ್ ಎಂಬ ಹೆಂಗಸಿನ ಬಗ್ಗೆ. 1844ರ ಸುಮಾರಿಗೆ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರ ಮಗುವಾಗಿ ಹುಟ್ಟಿದವಳು, 1938ರಲ್ಲಿ ಜಾರ್ಜಿಯಾದಲ್ಲಿ ತೀರಿಕೊಂಡವಳು. ಮಿಶೆಲ್ ಒಬಾಮಾ ಅವರಿಗೆ ತಾಯಿಯ ಕಡೆಯಿಂದ ಮುತ್ತಜ್ಜನ ಅಜ್ಜಿ. ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ಹಳೆಯ ದಾಖಲೆಗಳನ್ನು ಹಿಡಿದು ಈ ನಂಟನ್ನು ಪತ್ತೆ ಮಾಡಿದರು, 2009ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಪ್ರಕಟಿಸಿತು.

ನಿಮ್ಮ ಲೇಖನ ಶುರುವಾಗುವುದು ಶ್ವೇತಭವನದ ಹುಲ್ಲುಹಾಸಿನಿಂದ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆಮೇಲೆ ಎರಡೂವರೆ ಪುಟ ಆ ಹುಡುಗಿ ಅಳುತ್ತಾಳೆ. ಬೆಳದಿಂಗಳಲ್ಲಿ ಅಳುತ್ತಾಳೆ, ಹತ್ತಿ ಹೊಲದಲ್ಲಿ ಅಳುತ್ತಾಳೆ, ಗಾಡಿಯಲ್ಲಿ ಕೂತು ಅಮ್ಮನನ್ನು ನೆನೆದು ಅಳುತ್ತಾಳೆ. ಆ ಅಮ್ಮ ಯಾರು? ಬದುಕಿದ್ದಳಾ? ಅದೇ ಮನೆಯಲ್ಲಿ ಇದ್ದಳಾ? ನೀವು ಕೊಟ್ಟ ಒಂದು ಕಾಗದದಲ್ಲೂ ಅದಿಲ್ಲ. ಹುಡುಗಿ ಅತ್ತಿರಬಹುದು, ನಾನೇನು ಇಲ್ಲ ಅನ್ನುತ್ತಿಲ್ಲ. ಆದರೆ ಆ ಅಳು ನಿಮ್ಮದು, ನೀವು ಅವಳ ಕಣ್ಣಿಗೆ ತುರುಕಿದ್ದು. ಓದುಗರಿಗೆ ಇದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ನೀವು ಹೇಳುವ ನಿಜವನ್ನೂ ಅವರು ಅರ್ಧ ಮನಸ್ಸಿನಿಂದಲೇ ಓದುತ್ತಾರೆ.

ಐದನೇ ಪುಟಕ್ಕೆ ಬರೋಣ. ಅಲ್ಲಿ ಒಂದು ವಾಕ್ಯ ಇದೆ: 'ಅವಳಿಗೆ 475 ಡಾಲರ್ ಬೆಲೆ ಕಟ್ಟಿದ್ದರು.' ಇಷ್ಟೇ. ಮುಂದಿನ ವಾಕ್ಯದಲ್ಲಿ ಮತ್ತೆ ಬೆಳದಿಂಗಳು. ಅಲ್ಲ ಸ್ವಾಮಿ, ಇಡೀ ಲೇಖನ ಇರುವುದೇ ಇಲ್ಲಲ್ವಾ! 1850ರಲ್ಲಿ ಮುದುಕ ಯಜಮಾನ ಡೇವಿಡ್ ಪ್ಯಾಟರ್ಸನ್ ಉಯಿಲು ಬರೆಸುತ್ತಾನೆ. ನೂಲುವ ಚರಕ, ಹುಲ್ಲು ಕೊಯ್ಯುವ ಕತ್ತಿ, ಮೇಜಿನ ಬಟ್ಟೆ, ದನಕರು, ಇವೆಲ್ಲ ಯಾರ್ಯಾರಿಗೆ ಎಂದು ಹಂಚುತ್ತಾನೆ. ಅದರ ನಡುವೆ ಆರು ವರ್ಷದ ಮೆಲ್ವಿನಿಯಾ. ಅವನು ಸತ್ತ ಮೇಲೆ 1852ರಲ್ಲಿ ಆಸ್ತಿಗೆ ಬೆಲೆ ಕಟ್ಟಿದಾಗ ಅವಳ ಪಾಲಿಗೆ ಬಂದ ಅಂಕಿ ಆ 475.

ಇದನ್ನು ನಿಧಾನವಾಗಿ ಬರೆಯಿರಿ. ಯಾರು ಬೆಲೆ ಕಟ್ಟಿದ್ದು? ಆ ಕಾಲದ ಪದ್ಧತಿ ಏನೆಂದರೆ, ಯಜಮಾನ ಸತ್ತ ಮೇಲೆ ಕೋರ್ಟು ಅಕ್ಕಪಕ್ಕದ ಆಸ್ತಿವಂತರಲ್ಲಿ ಕೆಲವರನ್ನು ನೇಮಿಸುತ್ತಿತ್ತು. ಅವರು ಮನೆ, ಕೊಟ್ಟಿಗೆ, ಹೊಲ ಎಲ್ಲ ಸುತ್ತಿ, ಕಂಡದ್ದಕ್ಕೆಲ್ಲ ಒಂದೊಂದು ಬೆಲೆ ಬರೆದು ಸಹಿ ಹಾಕುತ್ತಿದ್ದರು. ಸಾಲ ಕೊಟ್ಟವರಿಗೂ ವಾರಸುದಾರರಿಗೂ ಲೆಕ್ಕ ಒಪ್ಪಿಸಲು ಆ ಪಟ್ಟಿ ಬೇಕಿತ್ತು. ಅಂದರೆ ಮೆಲ್ವಿನಿಯಾ ಹೆಸರು ಇವತ್ತಿಗೂ ಉಳಿದಿರುವುದು ಅವಳ ಮೇಲಿನ ಪ್ರೀತಿಯಿಂದ ಯಾರೋ ಬರೆದಿಟ್ಟರು ಅಂತಲ್ಲ, ಪಾಲು ಮಾಡುವಾಗ ಜಗಳ ಆಗಬಾರದು ಅಂತ ಬರೆದದ್ದರಿಂದ. ಚರಕದ ಸಾಲನ್ನೂ ಹುಡುಗಿಯ ಸಾಲನ್ನೂ ಓದುಗರ ಮುಂದೆ ಇಡಿ, ಆಮೇಲೆ ಒಂದು ವಿಶೇಷಣವನ್ನೂ ಸೇರಿಸಬೇಡಿ.

ಇಲ್ಲೇ ನಿಮ್ಮ ಹೆಳವರ ಪ್ಯಾರಾ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕರ್ನಾಟಕದ ಹೆಳವರು ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳುವುದನ್ನು ಚೆನ್ನಾಗಿಯೇ ಬರೆದಿದ್ದೀರಿ. ಆದರೆ 'ಹಾಗೆಯೇ ಅಮೆರಿಕದ ದಾಖಲೆಗಳು' ಅಂತ ಮುಗಿಸಿದ್ದೀರಿ. ಹಾಗೆಯೇ ಅಲ್ಲ. ಹೆಳವರು ಹೇಳುವುದು ಆ ಮನೆಯವರಿಗಾಗಿ, ಅವರ ಎದುರಿಗೇ. ಮೆಲ್ವಿನಿಯಾ ಹೆಸರನ್ನು ಬರೆದವರು ಅವಳಿಗಾಗಿ ಏನೂ ಬರೆಯಲಿಲ್ಲ. ಆ ಪ್ಯಾರಾ ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ಮುಂದೆ, 'ವಿಧಿ ಅವಳನ್ನು ಜಾರ್ಜಿಯಾಕ್ಕೆ ಎಳೆದೊಯ್ದಿತು' ಎಂದಿದ್ದೀರಿ. ವಿಧಿ ಪಾಪ ಏನೂ ಮಾಡಲಿಲ್ಲ. ಪ್ಯಾಟರ್ಸನ್‌ನ ಮಗಳು ಕ್ರಿಶ್ಚಿಯಾನ್, ಹೆನ್ರಿ ಶೀಲ್ಡ್ಸ್ ಎಂಬವನನ್ನು ಮದುವೆಯಾಗಿ ಜಾರ್ಜಿಯಾದ ಜೋನ್ಸ್‌ಬರೊ ಹತ್ತಿರ ಸಂಸಾರ ಮಾಡುತ್ತಿದ್ದಳು. ಆಸ್ತಿ ಪಾಲಾದಾಗ ಈ ಹುಡುಗಿ ಅವರ ಮನೆ ಸೇರಿದಳು. ಸುಮಾರು 200 ಎಕರೆಯ ಜಮೀನು, ಗುಲಾಮರು ಮೂರೇ ಜನ. ನೀವು ಬಣ್ಣಿಸಿದ ಹಾಗೆ ಬಿಳಿ ಕಂಬಗಳ ಬಂಗಲೆ, ನೂರಾರು ಜನ ಹಾಡುತ್ತಾ ಹತ್ತಿ ಬಿಡಿಸುವುದು, ಅದೆಲ್ಲ ಸಿನಿಮಾ. ತೆಗೆದುಹಾಕಿ.

ಈ ಮದುವೆಯ ವಿಷಯ ಯಾಕೆ ಮುಖ್ಯ ಅಂದರೆ, ಹುಡುಕಾಟದ ಕೀಲಿ ಇರುವುದು ಅದರಲ್ಲೇ. ಆ ಕಾಲದ ಕಾನೂನಿನಲ್ಲಿ ಸಾಮಾನ್ಯವಾಗಿ ಹೆಂಡತಿ ತಂದ ಚರ ಆಸ್ತಿ ಗಂಡನದಾಗುತ್ತಿತ್ತು, ಗುಲಾಮರೂ ಆ ಲೆಕ್ಕಕ್ಕೇ ಬರುತ್ತಿದ್ದರು. ಆದ್ದರಿಂದ ಜಾರ್ಜಿಯಾದ ಕಾಗದಗಳಲ್ಲಿ ಶೀಲ್ಡ್ಸ್ ಎಂಬ ಹೆಸರೇ ಕಾಣುತ್ತದೆ. ಶೀಲ್ಡ್ಸ್ ಶೀಲ್ಡ್ಸ್ ಅಂತ ಎಷ್ಟು ಹುಡುಕಿದರೂ ಮೆಲ್ವಿನಿಯಾ ಎಲ್ಲಿಂದ ಬಂದಳು ಅನ್ನುವುದು ಸಿಗುವುದಿಲ್ಲ. ಯಜಮಾನಿಯ ತವರುಮನೆ ಹಿಡಿಯಬೇಕು. ತವರಿನಲ್ಲಿ ಅಪ್ಪ ಯಾವಾಗ ಸತ್ತ, ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನಲ್ಲಿ ಪಾಲಾಯಿತು, ಮಗಳ ಪಾಲಿಗೆ ಏನು ಬಂತು ಎಂದು ನೋಡಬೇಕು. ದಕ್ಷಿಣದ ಕಪ್ಪು ಹೆಂಗಸೊಬ್ಬಳ ಹಿಂದಿನ ತಲೆಮಾರು ಹುಡುಕುವವರು ಬಿಳಿ ಹೆಂಗಸಿನ ಮದುವೆ ದಾಖಲೆ ಹುಡುಕುತ್ತಾ ಕೂರುವುದು ಈ ಕಾರಣಕ್ಕೇ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇದಕ್ಕೆ ಕನಿಷ್ಠ ಒಂದು ಪುಟ ಕೊಡಿ.

'ಜನಗಣತಿಯಲ್ಲಿ ಅವಳ ಹೆಸರೇ ಇಲ್ಲ' ಎಂದು ಒಂದು ಕಡೆ, '1860ರ ಜನಗಣತಿಯಲ್ಲಿ ಅವಳಿಗೆ ಹದಿನಾರು ವರ್ಷ' ಎಂದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಹೇಗೆ? ಇಲ್ಲಿ ಕೊಂಚ ಬಿಡಿಸಿ ಹೇಳಬೇಕು. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆಯದೇ ಪಟ್ಟಿ. ಅದರಲ್ಲಿ ಹೆಸರು ಇರುವುದು ಒಡೆಯನದು. ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಹೆಸರಿನ ಜಾಗ ಹೆಚ್ಚುಕಮ್ಮಿ ಎಲ್ಲ ಕಡೆಯೂ ಖಾಲಿ. ಅಂಥ ಪಟ್ಟಿಯಲ್ಲಿ ಒಂದು ವಯಸ್ಸಿನ ಮೇಲೆ ಬೆರಳಿಟ್ಟು 'ಇವಳೇ' ಅನ್ನಲು ನಿಮ್ಮ ಹತ್ತಿರ ಏನು ಆಧಾರ? 'ಇವಳಿರಬಹುದು' ಅಂತ ಬರೆಯಿರಿ, ಯಾಕೆ ಅನ್ನುವುದನ್ನೂ ಬರೆಯಿರಿ. ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದ ಜನರೆಲ್ಲರ ಹೆಸರು ಜನಗಣತಿಯಲ್ಲಿ ಬರುವುದು 1870ರಲ್ಲಿ ಮೊದಲ ಸಲ. ವಂಶಾವಳಿ ಹುಡುಕುವವರು 1870 ಅಂದರೆ ಗೋಡೆ ಅಂತ ಹೇಳುವುದು ಅದಕ್ಕೇ, ಅಲ್ಲಿಂದ ಹಿಂದೆ ಹೋಗಲು ಒಡೆಯನ ಮನೆಯ ಕಾಗದವೇ ಗತಿ.

ಆ 1870ರ ಹಾಳೆಯಲ್ಲಿ ಮೆಲ್ವಿನಿಯಾ ಕೂಲಿ ಕೆಲಸದವಳು. ವಾಸ ಹೆನ್ರಿ ಶೀಲ್ಡ್ಸ್‌ನ ಮಗ ಚಾರ್ಲ್ಸ್‌ನ ಮನೆಯ ಪಕ್ಕದಲ್ಲಿ. ನಾಲ್ಕು ಮಕ್ಕಳು, ಮೂವರ ಮುಂದೆ 'ಎಂ' ಎಂಬ ಅಕ್ಷರ, ಅಂದರೆ ಮುಲಾಟೊ, ಮಿಶ್ರ ಮೂಲದವರು. ಈ ಅಕ್ಷರ ಬರೆಯುತ್ತಿದ್ದವನು ಮನೆಮನೆಗೆ ಬಂದ ಗಣತಿಯವನು, ಬಹುಪಾಲು ಮುಖ ನೋಡಿಯೇ. ಅದೂ ಹೇಳಿ. ಮಕ್ಕಳಲ್ಲಿ ಒಂದು ಹುಟ್ಟಿದ್ದು ಬಿಡುಗಡೆಯಾಗಿ ನಾಲ್ಕು ವರ್ಷದ ಮೇಲೆ, ಅದೂ ಹೇಳಿ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಭಾಗ. ಚಾರ್ಲ್ಸ್ ಮತ್ತು ಮೆಲ್ವಿನಿಯಾ ನಡುವೆ ನೀವೊಂದು ಪ್ರೇಮಕಥೆ ಕಟ್ಟಿದ್ದೀರಿ. ಕದ್ದು ನೋಡುವುದು, ಹೊಳೆ ದಂಡೆ, 'ಕಾನೂನಿಗೆ ಮೀರಿದ ಒಲವು'. ಮಗ ಡಾಲ್ಫಸ್ ಹುಟ್ಟಿದ್ದು 1859ರ ಆಸುಪಾಸಿನಲ್ಲಿ, ಆಗ ಅವಳಿಗೆ ಹದಿನೈದೋ ಏನೋ. ಅವಳು ಆ ಮನೆಯ ಆಸ್ತಿ. ಆಗಿನ ದಕ್ಷಿಣದ ಕಾನೂನಿನಲ್ಲಿ ಒಡೆಯ ತನ್ನ ಗುಲಾಮ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದರೆ ಅದು ಅಪರಾಧವೇ ಆಗಿರಲಿಲ್ಲ. ಬೇಡ ಅನ್ನುವ ಹಕ್ಕೇ ಇಲ್ಲದವಳ ಬಾಯಲ್ಲಿ ಒಲವಿನ ಮಾತು ಹಾಕಲು ನಿಮಗೆ ಯಾರು ಹೇಳಿದರು? ಅವರಿಬ್ಬರ ನಡುವೆ ಏನಿತ್ತು ಎಂದು ಹೇಳುವ ಒಂದು ಸಾಲೂ ಉಳಿದಿಲ್ಲ. ಬಿಡುಗಡೆಯ ನಂತರವೂ ಅಲ್ಲೇ ಪಕ್ಕದಲ್ಲಿ ಇದ್ದಳು ಅನ್ನುವುದನ್ನು ನೀವು ಪ್ರೀತಿಗೆ ಸಾಕ್ಷಿ ಮಾಡಿದ್ದೀರಿ. ಕೈಯಲ್ಲಿ ಕಾಸಿಲ್ಲದೆ, ಮಕ್ಕಳನ್ನು ಕಟ್ಟಿಕೊಂಡು, ಯುದ್ಧ ಮುಗಿದ ಜಾರ್ಜಿಯಾದಲ್ಲಿ ಎಲ್ಲಿಗೆ ಹೋಗಬೇಕಿತ್ತು?

ತಂದೆಯ ಹೆಸರು ಕಾಗದದಲ್ಲಿ ಯಾಕಿಲ್ಲ ಅನ್ನುವುದಕ್ಕೆ 1662ರ ವರ್ಜೀನಿಯಾ ಕಾನೂನಿನಿಂದ ಶುರು ಮಾಡಿ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರಾದರೂ ಸರಿ. ಇದೇ ನಿಯಮ ದಕ್ಷಿಣದಲ್ಲೆಲ್ಲ ನಡೆಯಿತು. ಒಡೆಯನಿಗೆ ಮಗುವಿನ ಮೇಲೆ ಹಕ್ಕು ಬರಲು ತಾಯಿಯ ಲೆಕ್ಕ ಒಂದೇ ಸಾಕಾದ ಮೇಲೆ ತಂದೆಯ ಹೆಸರು ಬರೆದಿಡುವ ಗರಜು ಯಾರಿಗೆ? ಆ ಖಾಲಿ ಜಾಗವನ್ನು ನೂರೈವತ್ತು ವರ್ಷದ ಮೇಲೆ ತುಂಬಿದ್ದು ಡಿಎನ್‌ಎ. ಎರಡೂ ಕುಟುಂಬಗಳ ಈಗಿನ ತಲೆಮಾರಿನವರ ಪರೀಕ್ಷೆಯಿಂದ ನಂಟು ಖಚಿತವಾಗಿ, ತಂದೆ ಚಾರ್ಲ್ಸ್ ಇರುವ ಸಂಭವವೇ ಹೆಚ್ಚು ಎಂದು 2012ರಲ್ಲಿ ಹೊರಬಂತು. 'ಸಂಭವವೇ ಹೆಚ್ಚು' ಅನ್ನುವುದನ್ನು ಬಿಡಬೇಡಿ. ಹೆನ್ರಿಗೆ ವಯಸ್ಸಿಗೆ ಬಂದ ಗಂಡುಮಕ್ಕಳು ನಾಲ್ವರಿದ್ದರು, ಅಣ್ಣ ತಮ್ಮಂದಿರಲ್ಲಿ ಇಂಥವನೇ ಎಂದು ಇಷ್ಟು ತಲೆಮಾರು ದಾಟಿದ ರಕ್ತ ಹೇಳುವುದು ಕಷ್ಟ.

ನೀವು ಒಂದೇ ಸಾಲಿನಲ್ಲಿ ಹಾರಿಸಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಮೂವತ್ತು ನಲವತ್ತರ ವಯಸ್ಸಿನಲ್ಲಿ ಯಾವಾಗಲೋ ಮೆಲ್ವಿನಿಯಾ ಶೀಲ್ಡ್ಸ್ ಜಮೀನು ಬಿಟ್ಟು ಜಾರ್ಜಿಯಾದ ವಾಯವ್ಯಕ್ಕೆ, ಬಾರ್ಟೊ ಕೌಂಟಿಗೆ ಹೋಗುತ್ತಾಳೆ. ಅಲ್ಲಿ ಅವಳ ಜೊತೆ ಇರುವವರು ಯಾರು ನೋಡಿ: ಮರಾಯಾ ಮತ್ತು ಬೋಲಸ್ ಈಸ್ಲಿ. ದಕ್ಷಿಣ ಕೆರೊಲಿನಾದಲ್ಲಿ ಪ್ಯಾಟರ್ಸನ್ ಮನೆಯಲ್ಲಿ ಇವಳ ಜೊತೆಗೇ ಗುಲಾಮರಾಗಿದ್ದವರು! ಎಂಟು ವರ್ಷಕ್ಕೆ ಅವರಿಂದ ದೂರಾದವಳು, ನಡುವೆ ಒಂದು ಯುದ್ಧ ಆಗಿಹೋಗಿದೆ, ಓದು ಬರಹ ಬಲ್ಲವರು ವಿರಳವಾಗಿದ್ದ ಜನರ ನಡುವೆ ಅವರನ್ನು ಹೇಗೆ ಪತ್ತೆ ಹಚ್ಚಿದಳು? ಬಾಯಿಮಾತಿನಿಂದಲೇ ಇರಬೇಕು. ಮಗ ಡಾಲ್ಫಸ್ ಈಸ್ಲಿಯವರ ಮಗಳು ಆಲಿಸ್‌ಳನ್ನೇ ಮದುವೆಯಾದ. ಅಂದರೆ ಉಯಿಲು ಪಾಲು ಮಾಡಿ ಚದುರಿಸಿದ ಜನ ಬೀಗರಾದರು. ಬೆಲೆ ಕಟ್ಟಿದ್ದು, ಸಾಗಿಸಿದ್ದು, ಎಣಿಸಿದ್ದು, ಎಲ್ಲ ಬೇರೆಯವರು. ಇದೊಂದು ಆಕೆ ತಾನಾಗಿ ಮಾಡಿದ್ದು, ಜನಗಣತಿಯ ಹಾಳೆಗಳಲ್ಲಿ ಯಾರು ಎಲ್ಲಿ ವಾಸ ಎಂದು ಹೊಂದಿಸಿ ನೋಡಿದರೆ ಕಾಣುವುದು. ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

ಯಾವ ವರ್ಷ ಹೋದಳು ಎಂದು ಖಚಿತವಾಗಿ ಬರೆದಿದ್ದೀರಿ, ಅದನ್ನು ತೆಗೆಯಿರಿ. 1890ರ ಜನಗಣತಿಯ ಹಾಳೆಗಳು 1921ರ ವಾಷಿಂಗ್ಟನ್ ಬೆಂಕಿಯ ದೆಸೆಯಿಂದ ಹೆಚ್ಚುಕಮ್ಮಿ ಪೂರ್ತಿ ಹೋದವು. 1880 ಆದಮೇಲೆ 1900ಕ್ಕೇ ಜಿಗಿಯಬೇಕು. ಅಂಥ ಕಡೆ ವರ್ಷ ಹೇಳಬೇಕಾದರೆ ಬೇರೆ ಕಾಗದ ತೋರಿಸಬೇಕು.

ಡಾಲ್ಫಸ್ ಭಾಗ ಪರವಾಗಿಲ್ಲ. ಬರ್ಮಿಂಗ್‌ಹ್ಯಾಮಿನ ಬಡಗಿ, ಸ್ವಂತ ಮನೆ, ಸ್ವಂತ ಅಂಗಡಿ. 1950ರ ಜೂನ್‌ನಲ್ಲಿ ಅವನ ಸಾವಿನ ಸುದ್ದಿ ಬಂದ ಪತ್ರಿಕೆಯಲ್ಲೇ ಸುಪ್ರೀಂ ಕೋರ್ಟು ವರ್ಣಭೇದದ ವಿರುದ್ಧ ಕೊಟ್ಟ ತೀರ್ಪಿನ ದಪ್ಪ ಶೀರ್ಷಿಕೆ ಇತ್ತು ಅನ್ನುವುದು ಇರಲಿ, ಅದರ ಕೆಳಗಿನ ನಿಮ್ಮ ವ್ಯಾಖ್ಯಾನ ಬೇಡ.

ಕೊನೆಯಲ್ಲಿ ಮರಣ ಪ್ರಮಾಣಪತ್ರ. ತಂದೆ ತಾಯಿಯ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದಿದೆ. ನೀವು 'ಸಾಯುವಾಗಲೂ ಅವಳಿಗೆ ತನ್ನ ತಾಯಿಯ ಹೆಸರು ಗೊತ್ತಿರಲಿಲ್ಲ' ಎಂದು ಬರೆದಿರಿ. ಮರಣ ಪ್ರಮಾಣಪತ್ರಕ್ಕೆ ಸತ್ತವರು ವಿವರ ಕೊಡುವುದಿಲ್ಲ ಅಲ್ವಾ? ಕೊಟ್ಟವರು ಸಂಬಂಧಿಕರು, ಗೊತ್ತಿಲ್ಲದೇ ಇದ್ದದ್ದು ಅವರಿಗೆ. ಮೆಲ್ವಿನಿಯಾಗೆ ಗೊತ್ತಿದ್ದು ಹೇಳದೇ ಇದ್ದಿರಬಹುದು, ಯಾರೂ ಕೇಳದೆಯೂ ಇರಬಹುದು. ಕಾಗದವನ್ನು ಯಾರು ತುಂಬಿಸಿದರು ಎಂದು ಮೊದಲು ನೋಡಿ, ಆಮೇಲೆ ಓದಿ. ಪ್ರತಿ ದಾಖಲೆಗೂ ಇದನ್ನೇ ಮಾಡಿ.

ಇನ್ನು ಕೆಲಸ. ಅಟ್ಲಾಂಟಾ ಹತ್ತಿರವೇ ಇದ್ದೀರಿ ಎಂದು ಬರೆದಿದ್ದೀರಿ, 2012ರಲ್ಲಿ ರೆಕ್ಸ್ ಊರಿನಲ್ಲಿ ನಿಲ್ಲಿಸಿದ ಮೆಲ್ವಿನಿಯಾ ಸ್ಮಾರಕದ ಮುಂದೆ ಫೋಟೊ ಕೂಡ ತೆಗೆಸಿಕೊಂಡಿದ್ದೀರಿ. ಅಲ್ಲಿಂದ ಕೆಲವೇ ಮೈಲಿ ದೂರದ ಮೊರೊದಲ್ಲಿ ಜಾರ್ಜಿಯಾ ರಾಜ್ಯದ ಪತ್ರಾಗಾರ ಇದೆ, ಪಕ್ಕದಲ್ಲೇ ರಾಷ್ಟ್ರೀಯ ಪತ್ರಾಗಾರದ ಶಾಖೆ. ಒಂದು ಬೆಳಿಗ್ಗೆ ಹೋಗಿ ಕೂರಿ. ಶೀಲ್ಡ್ಸ್ ಜಮೀನಿನ ಜಾಗ ಈಗ ಸೇರಿರುವ ಕ್ಲೇಟನ್ ಕೌಂಟಿ ಹುಟ್ಟಿದ್ದೇ 1858ರಲ್ಲಿ, ಫೇಯೆಟ್ ಮತ್ತು ಹೆನ್ರಿ ಕೌಂಟಿಗಳಿಂದ ಒಡೆದು, ಅದಕ್ಕೆ ಮೊದಲಿನದು ಬೇಕಾದರೆ ಆ ಎರಡರ ಪುಸ್ತಕಗಳನ್ನು ಕೇಳಿ. ಪ್ಯಾಟರ್ಸನ್ ಉಯಿಲಿನ ಕಡೆಯದು ದಕ್ಷಿಣ ಕೆರೊಲಿನಾದ್ದು, ಕೊಲಂಬಿಯಾದಲ್ಲಿರುವ ಅಲ್ಲಿನ ಪತ್ರಾಗಾರಕ್ಕೆ ಪತ್ರ ಬರೆದು ಪ್ರತಿ ಸಿಗುತ್ತದಾ ವಿಚಾರಿಸಿ. ಆ ಪಟ್ಟಿಯ ಚಿತ್ರ ಸಿಕ್ಕರೆ ನಿಮ್ಮ ಫೋಟೊ ಬದಲು ಅದನ್ನೇ ಹಾಕುತ್ತೇನೆ.

ಎರಡು ಸಾವಿರ ಪದದೊಳಗೆ ಮುಗಿಸಿ. ಉಯಿಲಿನ ಪಟ್ಟಿಯಿಂದ ಶುರು ಮಾಡಿ, ಮಿಶೆಲ್ ಒಬಾಮಾ ಹೆಸರು ಕೊನೆಯ ಎರಡು ಪ್ಯಾರಾಗಳಿಗೆ ಮೊದಲು ಬರುವುದು ಬೇಡ. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಸಾಕು. ತಡವಾಗುವುದಾದರೆ ಒಂದು ಮೆಸೇಜ್ ಹಾಕಿ, ಆ ಜಾಗಕ್ಕೆ ಬೇರೆ ಏನಾದರೂ ಹೊಂದಿಸಿಕೊಳ್ಳುತ್ತೇನೆ.